ನೀರಕ್ಕನ ಎರಡು ತೊಟ್ಟಿ

ನೀರಕ್ಕನ ಕೆಲಸ ಬೆಳಿಗ್ಗೆ ಐದೂವರೆಗೆ ಶುರುವಾಗುತ್ತಿತ್ತು. ಡಯಾಲಿಸಿಸ್ ವಾರ್ಡು ಇದ್ದದ್ದು ಆಸ್ಪತ್ರೆಯ ಮೊದಲ ಮಹಡಿಯಲ್ಲಿ. ಅದಕ್ಕೆ ಬೇಕಾದ ನೀರು ತಯಾರಾಗುತ್ತಿದ್ದದ್ದು ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಉದ್ದನೆ ಕೋಣೆಯಲ್ಲಿ. ಊರಿನ ನಲ್ಲಿ ನೀರು ಒಂದು ತುದಿಯಿಂದ ಒಳಗೆ ಬಂದು, ಮರಳಿನ ಟ್ಯಾಂಕು, ಇದ್ದಿಲಿನ ಟ್ಯಾಂಕು, ಗಡಸುತನ ತೆಗೆಯುವ ಟ್ಯಾಂಕು, ಕೊನೆಗೆ ಆರ್‌ಓ ಯಂತ್ರ ಎಲ್ಲವನ್ನೂ ದಾಟಿ ಇನ್ನೊಂದು ತುದಿಯಲ್ಲಿ ಮೇಲಕ್ಕೆ ಹತ್ತುತ್ತಿತ್ತು. ಮೇಲೆ ಹತ್ತು ಮಂಚ, ಹತ್ತು ಯಂತ್ರ. ಮೂತ್ರಪಿಂಡ ಕೈಕೊಟ್ಟವರು ವಾರಕ್ಕೆ ಮೂರು ದಿನ ಬಂದು, ನಾಲ್ಕು ಗಂಟೆ ಮಲಗಿ, ರಕ್ತ ಶುದ್ಧ ಮಾಡಿಸಿಕೊಂಡು ಹೋಗುತ್ತಿದ್ದರು. ಅವರ ರಕ್ತಕ್ಕೂ ಈ ನೀರಿಗೂ ನಡುವೆ ಇದ್ದದ್ದು ಒಂದು ತೆಳುಪೊರೆ. ನೀರಿನಲ್ಲಿ ಕ್ಲೋರಿನ್ ಉಳಿದರೆ ರಕ್ತಕಣ ಒಡೆಯುತ್ತವೆ. ಆದ್ದರಿಂದ ಮೊದಲ ರೋಗಿ ಮಲಗುವ ಮುಂಚೆ ನೀರಕ್ಕ ಒಂದೊಂದು ಟ್ಯಾಂಕಿನ ಮುಂದಿನ ನಲ್ಲಿಯನ್ನೂ ತಿರುಗಿಸಿ, ನೀರು ಹಿಡಿದು, ಪರೀಕ್ಷೆಯ ಮದ್ದಿನ ಹನಿ ಹಾಕಿ, ಬಣ್ಣ ನೋಡಿ, ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕು. ಬಣ್ಣ ತಪ್ಪಿದರೆ ಎಲ್ಲವನ್ನೂ ನಿಲ್ಲಿಸುವ ಅಧಿಕಾರ ಅವಳಿಗಿತ್ತು. ಇಪ್ಪತ್ತು ವರ್ಷದಲ್ಲಿ ಎರಡು ಸಲ ನಿಲ್ಲಿಸಿದ್ದಳು. ಎರಡನೇ ಸಲ ದೊಡ್ಡ ಡಾಕ್ಟರೇ ಕೆಳಗಿಳಿದು ಬಂದು "ಏನಮ್ಮಾ ಇದು, ಹತ್ತು ಜನ ಕಾಯ್ತಿದ್ದಾರೆ" ಅಂದರೂ ವಾಲ್ವಿನ ಮೇಲಿಂದ ಕೈ ತೆಗೆದಿರಲಿಲ್ಲ.

ನೀರಿನ ವಿಷಯ ಬಿಟ್ಟರೆ ಮಿಕ್ಕೆಲ್ಲದರಲ್ಲೂ ಅವಳು ಬಾಯಿಲ್ಲದವಳು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ತಪ್ಪಿಹೋಗಿತ್ತು. ಯಾಕೆ ಅಂತ ಅವಳು ಕೇಳಲಿಲ್ಲ, ಮನೆಯವರೂ ಹೇಳಲಿಲ್ಲ. ಅಣ್ಣ ಅತ್ತಿಗೆಯ ಜೊತೆ ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿದ್ದಳು. ಅಣ್ಣ ಲಿಫ್ಟ್ ಮೆಕ್ಯಾನಿಕ್; ಮೋಟಾರಿನ ಸದ್ದಿಗೆ ಎಡಗಿವಿ ಮುಕ್ಕಾಲು ಹೋಗಿತ್ತು. ಅತ್ತಿಗೆ ಮನೆಯಲ್ಲೇ ಹೊಲಿಗೆ ಹಾಕುತ್ತಿದ್ದಳು. ಮೂವರಿಗೂ ಆಗುವಷ್ಟು ಮಾತು ಅವಳೊಬ್ಬಳೇ ಆಡುತ್ತಿದ್ದಳು.

ವಾರ್ಡಿನ ಹೊರಗೆ, ಜೊತೆಗೆ ಬಂದವರು ಕೂರುವ ಹಜಾರದಲ್ಲಿ, ಮೂರಡಿ ಉದ್ದದ ಒಂದು ಗಾಜಿನ ತೊಟ್ಟಿಯಿತ್ತು. ಯಾವ ಕಾಲದಲ್ಲೋ ಯಾರೋ ಕೊಟ್ಟದ್ದು, ಒಳಗೆ ಧೂಳು ಹಿಡಿದ ಪ್ಲಾಸ್ಟಿಕ್ ಗಿಡ ಬಿಟ್ಟರೆ ಏನೂ ಇರಲಿಲ್ಲ. ಅದಕ್ಕೆ ಜೀವ ತಂದವರು ಡ್ರಾಯಿಂಗ್ ಮೇಷ್ಟ್ರು. ಸೋಮವಾರ, ಬುಧವಾರ, ಶುಕ್ರವಾರ ನಾಲ್ಕನೇ ಮಂಚ ಅವರದು. ಮನೆಯಲ್ಲಿ ಅವರು ನಾಲ್ಕು ಏಂಜಲ್ ಮೀನು ಸಾಕಿಕೊಂಡಿದ್ದರು: ಬೆಳ್ಳಿ ಬಣ್ಣ, ಕಪ್ಪು ಪಟ್ಟೆ, ಗಾಳಿಪಟದ ಹಾಗೆ ಮೇಲೆ ಕೆಳಗೆ ಉದ್ದುದ್ದ ರೆಕ್ಕೆ. ಡಯಾಲಿಸಿಸ್ ಸೂಜಿಗಾಗಿ ರಕ್ತನಾಳ ಜೋಡಿಸಿದ ಕೈಯಲ್ಲಿ ಭಾರ ಎತ್ತಬಾರದು ಅಂತ ಡಾಕ್ಟರು ಹೇಳಿದ ಮೇಲೆ, ಬಕೆಟ್ ಎತ್ತಿ ನೀರು ಬದಲಿಸುವುದು ಅವರಿಗೆ ನಿಂತುಹೋಯಿತು. "ಇಲ್ಲಿ ತಂದು ಬಿಡ್ಲಾ?" ಅಂತ ನೀರಕ್ಕನನ್ನು ಕೇಳಿದರು. ಜೊತೆಗೆ ಮೀನು ಸಾಕುವ ಒಂದು ಹಳೇ ಪುಸ್ತಕ ಕೊಟ್ಟರು. ಅವಳು ಅದರಲ್ಲಿ ನೀರಿನ ಅಧ್ಯಾಯವನ್ನೇ ಮೊದಲು ಓದಿದಳು. ಏಂಜಲ್ ಮೀನಿಗೆ ಮೆದು ನೀರು, ಸ್ವಲ್ಪ ಹುಳಿಯ ಕಡೆಗೆ ವಾಲಿದ್ದು, ಬೆಚ್ಚಗೆ ಇಪ್ಪತ್ತೇಳು ಡಿಗ್ರಿ. ಇಷ್ಟು ಗೊತ್ತಾದ ಮೇಲೆ ಅವಳಿಗೆ ಕಷ್ಟವೇ ಇರಲಿಲ್ಲ. ಅಂಥ ನೀರು ಅವಳ ಕಾಲಬುಡದಲ್ಲೇ ಹರಿಯುತ್ತಿತ್ತು. ತೊಟ್ಟಿ ವಾರ್ಡಿನ ಗಾಜಿನ ಗೋಡೆಗೆ ತಾಗಿಕೊಂಡಿತ್ತು. ನಾಲ್ಕನೇ ಮಂಚದಲ್ಲಿ ತಲೆದಿಂಬು ಸ್ವಲ್ಪ ಎತ್ತರಿಸಿಕೊಂಡರೆ ನೇರ ಕಾಣುತ್ತಿತ್ತು.

ಹೀಗೆ ಎಂಟು ತಿಂಗಳು ಕಳೆಯಿತು. ಆಮೇಲೆ ಒಂದು ಗುರುವಾರ ಲಾರಿ ಯಜಮಾನರು ಮೀನು ತಂದರು.

ಲಾರಿ ಯಜಮಾನರದು ಮಂಗಳವಾರ, ಗುರುವಾರ, ಶನಿವಾರ. ಎರಡು ಲಾರಿ ಇಟ್ಟುಕೊಂಡಿದ್ದ ದಪ್ಪ ಮನುಷ್ಯ. ಸುಮ್ಮನೆ ಮಲಗುವುದು ಅಂದರೆ ಅವರಿಗೆ ಶಿಕ್ಷೆ. ಆ ದಿನ ಎರಡು ಪ್ಲಾಸ್ಟಿಕ್ ಚೀಲ ಎತ್ತಿ ಹಿಡಿದುಕೊಂಡೇ ಲಿಫ್ಟಿನಿಂದ ಹೊರಬಂದರು. ಒಳಗೆ ಹನ್ನೆರಡು ಮೀನು, ಬೆರಳುದ್ದದ್ದು. ಅರ್ಧ ಕಡು ಹಳದಿ, ಅರ್ಧ ಮಿಂಚುವ ನೀಲಿ.

"ತೊಟ್ಟಿ ತೀರಾ ಬಡವಾಗಿ ಕಾಣ್ತಿತ್ತು ಸಿಸ್ಟರ್. ಒಂದಿಷ್ಟು ಕಳೆ ಬರಲಿ ಅಂತ ತಂದೆ."

ದೊಡ್ಡ ಸಿಸ್ಟರ್, ಅಂದರೆ ವಾರ್ಡಿನ ಮುಖ್ಯ ನರ್ಸ್, ಬಣ್ಣ ನೋಡಿಯೇ ಸೋತುಹೋದರು. "ಎಷ್ಟು ಚೆನ್ನಾಗಿವೆ. ಹಾಕು ನೀರಕ್ಕ, ಹಾಕು."

ನೀರಕ್ಕ ಚೀಲವನ್ನು ಬೆಳಕಿಗೆ ಹಿಡಿದು ನೋಡಿದಳು. ಪುಸ್ತಕದ ಚಿತ್ರದಲ್ಲಿ ಇವುಗಳನ್ನು ಕಂಡಿದ್ದಳು. ಆಫ್ರಿಕಾದ ದೊಡ್ಡ ಸರೋವರದವು, ಕಲ್ಲುಸಂದಿಯಲ್ಲಿ ಬದುಕುವಂಥವು. "ಇವಕ್ಕೆ ನೀರು ಬೇರೆ ಥರದ್ದು ಬೇಕಾಗತ್ತೇನೋ," ಅಂದಳು. ಅಂದದ್ದು ಚೀಲದೊಳಗಿನ ಮೀನಿಗೂ ಕೇಳಿಸಿರಲಾರದು.

"ಅಂಗಡಿಯವನನ್ನ ಕೇಳಿಯೇ ತಂದಿದ್ದು," ಅನ್ನುತ್ತಿದ್ದರು ಲಾರಿ ಯಜಮಾನರು ದೊಡ್ಡ ಸಿಸ್ಟರಿಗೆ. "ಅವೂ ಸಿಕ್ಲಿಡ್, ಇವೂ ಸಿಕ್ಲಿಡ್. ಎಲ್ಲಾ ಒಂದೇ ಕುಲ, ದಾಯಾದಿಗಳು ಅಂದ."

ದಾಯಾದಿಗಳು ಒಂದೇ ಮನೆಯಲ್ಲಿದ್ದರೆ ಏನಾಗುತ್ತೆ ಅಂತ ಯಾರೂ ಕೇಳಲಿಲ್ಲ. ನೀರಕ್ಕ ಚೀಲಗಳನ್ನು ಅರ್ಧ ಗಂಟೆ ತೊಟ್ಟಿಯಲ್ಲಿ ತೇಲಿಬಿಟ್ಟು, ಬಾಯಿ ಬಿಚ್ಚಿ, ಮೀನುಗಳನ್ನು ಒಳಗೆ ಬಿಟ್ಟಳು.

ಶುಕ್ರವಾರ ಮೇಷ್ಟ್ರು ಮಂಚದ ಮೇಲೆ ಮಲಗಿ, ಸೂಜಿ ಚುಚ್ಚಿಸಿಕೊಂಡು, ತಲೆದಿಂಬು ಎತ್ತಿಸಿಕೊಂಡರು. ಬಹಳ ಹೊತ್ತು ನೋಡಿದರು. ಅವರ ನಾಲ್ಕೂ ಮೀನು ಮೇಲಿನ ಒಂದು ಮೂಲೆಯಲ್ಲಿ ಒತ್ತಿಕೊಂಡು ನಿಂತಿದ್ದವು. ಒಂದರ ರೆಕ್ಕೆಯ ತುದಿ ಇಲಿ ಕಡಿದ ಬಟ್ಟೆಯ ಹಾಗಿತ್ತು.

"ಯಾರು ತಂದು ಸುರಿದಿದ್ದು ಇವನ್ನ?"

"ಗುರುವಾರದವರು," ಅಂದಳು ನೀರಕ್ಕ.

"ಯಾವ ಗುರುವಾರದವರು? ಗುರುವಾರಕ್ಕೆ ಮುಖ ಮೂತಿ ಇಲ್ವಾ?"

ಲಾರಿ ಯಜಮಾನರ ವಿಷಯ ಹೇಳಿದಳು. ಅವರ ಮೀನು ಅವರೇ ವಾಪಸ್ಸು ತಗೊಂಡು ಹೋಗಲಿ ಅಂತ ಹೇಳಿಕಳಿಸಿದರು ಮೇಷ್ಟ್ರು. ಶನಿವಾರ ಅದನ್ನು ಲಾರಿ ಯಜಮಾನರಿಗೆ ಮುಟ್ಟಿಸಿದಳು. "ಮೇಷ್ಟ್ರ ಮೀನಿಗೆ ರೆಕ್ಕೆ ಅಷ್ಟುದ್ದ ಇರೋದು ನನ್ನ ತಪ್ಪಾ? ತೊಟ್ಟಿ ಅವರೊಬ್ಬರದೇನಲ್ಲ ಅಂತ ಹೇಳು." ಸೋಮವಾರ ಅದು ಮೇಷ್ಟ್ರಿಗೆ ಮುಟ್ಟಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಮೂರು ವಾರ ನೀರಕ್ಕನ ಬಾಯಿಂದಲೇ ಜಗಳ ಆಡಿದರು. ಅವಳು ಕಟುವಾದ ಮಾತನ್ನೆಲ್ಲ ಸೋಸಿ ಮುಟ್ಟಿಸುತ್ತಿದ್ದಳು. ಆದ್ದರಿಂದ ಪ್ರತಿಯೊಬ್ಬರಿಗೂ ಇನ್ನೊಬ್ಬರು ತಗ್ಗುತ್ತಿದ್ದಾರೆ ಅನ್ನಿಸಿ, ಇನ್ನೂ ಸ್ವಲ್ಪ ಬಿಗಿಯುತ್ತಿದ್ದರು.

ಈ ಮೂರು ವಾರ ಅವಳು ಇಬ್ಬರ ಮೀನಿಗೂ ಒಪ್ಪುವ ನೀರು ಹುಡುಕಿದಳು. ಏಂಜಲ್ ಮೀನಿಗೆ ಮೆದು ನೀರು ಬೇಕು. ಸರೋವರದ ಮೀನಿಗೆ ಸುಣ್ಣದಂಶ ತುಂಬಿದ ಗಡಸು ನೀರು, ಹುಳಿಯಲ್ಲ, ಕ್ಷಾರ. ಎರಡರ ಮಧ್ಯೆ ಒಂದು ಅಳತೆಗೆ ತಂದು ನಿಲ್ಲಿಸಿದಳು. ಅಳತೆ ಸರಿಯಾಗಿತ್ತು, ಮೀನು ಸರಿಯಾಗಲಿಲ್ಲ. ನೀಲಿ ಮೀನು ಮಾಸಿ ಬೂದಿ ಬಣ್ಣಕ್ಕೆ ಬಂದವು. ಕಲ್ಲುಸಂದಿಯಿಲ್ಲದ ಬಯಲಲ್ಲಿ ಜಾಗಕ್ಕಾಗಿ ತಮ್ಮತಮ್ಮಲ್ಲೇ ಬಡಿದಾಡಿದವು, ಬಿಡುವಾದಾಗ ಮೇಷ್ಟ್ರ ಮೀನಿನ ರೆಕ್ಕೆ ಕಿತ್ತವು. ಊಟದಲ್ಲೂ ತಕರಾರು. ಏಂಜಲ್ ಮೀನಿಗೆಂದು ಹಾಕಿದ ಕೆಂಪು ಹುಳುವನ್ನು ಹಳದಿ ಮೀನು ಮುನ್ನುಗ್ಗಿ ನುಂಗುತ್ತಿದ್ದವು. ಪಾಚಿ ಮೇಯುವ ಹೊಟ್ಟೆಗೆ ಅದು ಒಗ್ಗುತ್ತಿರಲಿಲ್ಲ.

ನಾಲ್ಕನೇ ಸೋಮವಾರ ಬೆಳಿಗ್ಗೆ ಆರಕ್ಕೆ ಮೇಲೆ ಹೋದಾಗ ಎರಡು ಸತ್ತಿದ್ದವು. ಹೊಟ್ಟೆ ಉಬ್ಬಿದ ಒಂದು ಹಳದಿ, ರೆಕ್ಕೆಯೇ ಉಳಿಯದ ಒಂದು ಏಂಜಲ್. ರೋಗಿಗಳು ಬರುವ ಮೊದಲು ತೆಗೆದು ಕಾಗದದಲ್ಲಿ ಸುತ್ತಿದಳು. ಪ್ರಯೋಜನವಾಗಲಿಲ್ಲ. ಆ ವಾರ್ಡಿನಲ್ಲಿ ಎಲ್ಲರಿಗೂ ಎಣಿಸುವ ಅಭ್ಯಾಸ. ಪಕ್ಕದ ಮಂಚದವರು ಒಂದು ದಿನ ಬಾರದಿದ್ದರೆ ಯಾಕೆ ಅಂತ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಎಣಿಸಿರುತ್ತಾರೆ. ಮೇಷ್ಟ್ರು ತೊಟ್ಟಿಯ ಕಡೆ ನೋಡಿ, "ಮೂರು" ಅಂದರು.

ಸಂಜೆ ಮನೆಯಲ್ಲಿ ಅತ್ತಿಗೆ ಅವಳ ಮುಖ ನೋಡಿ ಹೊಲಿಗೆ ಯಂತ್ರ ನಿಲ್ಲಿಸಿದಳು. "ಏನಾಯ್ತೇ?"

"ಮೀನು ಹೋಯ್ತು."

"ಮೇನ್ ಹೋಯ್ತಾ?" ಅಂದ ಅಣ್ಣ ಪೇಪರಿನಿಂದ ತಲೆಯೆತ್ತಿ. "ಇಡೀ ಆಸ್ಪತ್ರೆಗಾ? ಜನರೇಟರ್ ಇಲ್ವಾ ಅವರ ಹತ್ರ?"

"ನೀವು ಪೇಪರ್ ಓದಿ," ಅಂದಳು ಅತ್ತಿಗೆ. ಆಮೇಲೆ ನಾದಿನಿಯಿಂದ ಮೊದಲಿಂದ ಕೊನೇವರೆಗೂ ಹೇಳಿಸಿದಳು. "ನಿನಗೆ ಮೊದಲ ದಿನವೇ ಗೊತ್ತಿತ್ತಲ್ಲ. ಹೇಳಲಿಲ್ವಾ?"

"ಹೇಳಿದೆ."

"ಹೇಗೆ ಹೇಳಿದೆ? ಸಾರಿಗೆ ಉಪ್ಪು ಜಾಸ್ತಿಯಾದಾಗ ನನಗೆ ಹೇಳ್ತೀಯಲ್ಲ, ಹಾಗಾ?"

ಅತ್ತಿಗೆಯ ಸಾರಿಗೆ ಉಪ್ಪು ಜಾಸ್ತಿಯಾದಾಗ ನೀರಕ್ಕ ಇನ್ನೊಂದು ಲೋಟ ನೀರು ಕುಡಿಯುತ್ತಿದ್ದಳು, ಅಷ್ಟೇ. ಕೆಳಗಿನ ಕೋಣೆಯಲ್ಲಾದರೆ ಬಣ್ಣ ತಪ್ಪಿದ್ದು ಗೊತ್ತಿದ್ದೂ ಬಾಯಿಬಿಡದಿರುವುದಕ್ಕಿಂತ ದೊಡ್ಡ ತಪ್ಪಿಲ್ಲ. ಹೊಸಬರು ಯಾರೇ ಬಂದರೂ ಅವಳು ಮೊದಲ ದಿನ ಹೇಳಿಕೊಡುತ್ತಿದ್ದದ್ದು ಅದನ್ನೇ. ರಾತ್ರಿ ಊಟಕ್ಕೆ ಕೂತಾಗಲೂ ಅದೇ ತಲೆಯಲ್ಲಿತ್ತು.

ಮಂಗಳವಾರ ಲಾರಿ ಯಜಮಾನರಿಗೆ ಯಂತ್ರ ಜೋಡಿಸಿದ ಮೇಲೆ ಅವಳು ಎರಡು ಸಣ್ಣ ಸೀಸೆ ಹಿಡಿದುಕೊಂಡು ಅವರ ಮಂಚದ ಪಕ್ಕ ಸ್ಟೂಲು ಎಳೆದು ಕೂತಳು. ಎರಡಕ್ಕೂ ಹನಿ ಹಾಕಿದಳು. ಒಂದು ಹಳದಿಯಾಯಿತು, ಇನ್ನೊಂದು ಕಡು ನೀಲಿ.

"ಇದು ಮೇಷ್ಟ್ರ ಮೀನಿಗೆ ಬೇಕಾದ ನೀರು. ಇದು ನಿಮ್ಮ ಮೀನಿಗೆ ಬೇಕಾದದ್ದು. ಎರಡೂ ಕೂಡೋ ನೀರು ಇಲ್ಲ. ಮೂರು ವಾರ ಹುಡುಕಿದೀನಿ. ನಿಮ್ಮ ಮೀನು ಪುಂಡ ಅಂತಲ್ಲ. ಕಲ್ಲುಸಂದಿ ಹಿಡಿದು ಕಾಯೋದು ಅವುಗಳ ಗುಣ. ಕಲ್ಲಿಲ್ಲ ಅಂದ್ರೆ ಇಡೀ ತೊಟ್ಟಿಯನ್ನೇ ಕಾಯ್ತವೆ. ಮೇಷ್ಟ್ರ ಮೀನು ಗಿಡದ ನೆರಳಲ್ಲಿ ನಿಧಾನ ತೇಲೋವು. ಓಡಿ ತಪ್ಪಿಸಿಕೊಳ್ಳೋಕೆ ಬರಲ್ಲ."

ಲಾರಿ ಯಜಮಾನರು ಸೀಸೆಗಳನ್ನೇ ನೋಡಿದರು. "ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಬೇಕಿತ್ತು. ತಪ್ಪು ನಂದು."

ಈ ಉತ್ತರ ಅವರು ನಿರೀಕ್ಷಿಸಿರಲಿಲ್ಲ. ಜಗಳಕ್ಕೆ ಕೂಡಿಟ್ಟಿದ್ದ ಮಾತು ಹಾಗೇ ಉಳಿಯಿತು. "ಎಷ್ಟುದ್ದದ ತೊಟ್ಟಿ ಬೇಕು?" ಅಂದರು.

"ನಾಲ್ಕಡಿ. ಕಲ್ಲೂ ಬೇಕು. ಸುಣ್ಣದ ಕಲ್ಲಾದ್ರೆ ಒಳ್ಳೇದು."

ಶನಿವಾರ ತೊಟ್ಟಿ ಬಂತು. ಕಲ್ಲು ಎಷ್ಟು ಬೇಕು ಅಂತ ಅವಳು ಹೇಳಿರಲಿಲ್ಲ, ಅವರು ಲೆಕ್ಕ ಹಿಡಿಯುವುದು ಲಾರಿಯಲ್ಲಿ. ಹಜಾರಕ್ಕೆ ಹೋದದ್ದು ಕಾಲು ಭಾಗ. ಉಳಿದ ಕಲ್ಲು ಇವತ್ತಿಗೂ ಆಸ್ಪತ್ರೆಯ ಹಿಂಬಾಗಿಲ ಹತ್ತಿರ ಹೂಕುಂಡಗಳ ಸುತ್ತ ಇದೆ. ಎದುರು ಗೋಡೆಗೆ ತೊಟ್ಟಿ ನಿಲ್ಲಿಸಿ, ಕಲ್ಲನ್ನು ಜಾರದ ಹಾಗೆ ಒಂದರ ಮೇಲೊಂದು ಪೇರಿಸಿ, ಗುಹೆ ಸಂದಿ ಮಾಡಿ, ನೀರು ತುಂಬಿಸಿ, ಕೊಳೆ ತಿನ್ನುವ ಒಳ್ಳೆಯ ಜೀವಾಣು ಬರಲಿ ಅಂತ ಹಳೇ ತೊಟ್ಟಿಯ ಫಿಲ್ಟರಿನ ಸ್ಪಂಜಿನಲ್ಲಿ ಅರ್ಧ ಕತ್ತರಿಸಿ ಹೊಸದಕ್ಕೆ ಹಾಕಿದಳು. ಹತ್ತು ದಿನ ನೀರು ಪರೀಕ್ಷೆ ಮಾಡಿದ ಮೇಲೆ ಹನ್ನೊಂದು ಮೀನನ್ನೂ ಅಲ್ಲಿಗೆ ದಾಟಿಸಿದಳು. ಒಂದು ವಾರದಲ್ಲಿ ನೀಲಿ ಮತ್ತೆ ನೀಲಿಯಾಯಿತು. ಜಗಳ ನಿಲ್ಲಲಿಲ್ಲ, ಆದರೆ ಅಟ್ಟಿಸಿಕೊಂಡು ಬಂದರೆ ನುಗ್ಗಿ ಕೂರಲು ಪ್ರತಿಯೊಂದಕ್ಕೂ ಒಂದು ಸಂದಿ ಇತ್ತು.

ಇಷ್ಟರಲ್ಲಿ ನೀರಕ್ಕನಿಗೆ ಮೇಲಿಂದ ಒಂದು ಪತ್ರ ಬಂತು. ರೋಗಿಗಳಿಗೆ ಮೀಸಲಾದ ಶುದ್ಧ ನೀರನ್ನು ಮೀನು ಸಾಕಲು ಬಳಸುತ್ತಿರುವುದು ಗಮನಕ್ಕೆ ಬಂದಿದೆ, ಮೂರು ದಿನದೊಳಗೆ ಉತ್ತರ ಕೊಡಬೇಕು ಅಂತ ಆಡಳಿತಾಧಿಕಾರಿಯ ಸಹಿ. ದಿನಾ ಬೆಳಿಗ್ಗೆ ಅವಳು ಬಕೆಟ್ ಹಿಡಿದು ಮೆಟ್ಟಿಲು ಹತ್ತುವುದನ್ನು ಯಾರೋ ನೋಡಿ ಮುಟ್ಟಿಸಿದ್ದರು. ಯಾರು ಅಂತ ಅವಳು ಪತ್ತೆಮಾಡಲು ಹೋಗಲಿಲ್ಲ. ಎರಡನೇ ದಿನ ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತಳು.

ಬರೆದದ್ದು ಒಂದೂವರೆ ಪುಟ. ಪ್ರತಿ ನಲ್ಲಿಯನ್ನೂ ಪರೀಕ್ಷೆಗೆ ಮೊದಲು ಕೆಲವು ನಿಮಿಷ ಹರಿಯಬಿಡಬೇಕೆಂಬುದು ನಿಯಮ. ಆ ನೀರು ಇಷ್ಟು ವರ್ಷ ಚರಂಡಿಗೆ ಹೋಗುತ್ತಿತ್ತು. ಇದ್ದಿಲಿನ ಟ್ಯಾಂಕಿನ ಮುಂದಿನ ನಲ್ಲಿಯಲ್ಲಿ ಕ್ಲೋರಿನ್ ಹೋಗಿರುತ್ತದೆ, ಗಡಸುತನ ಹಾಗೇ ಇರುತ್ತದೆ. ಅದು ಸರೋವರದ ಮೀನಿಗೆ. ಕೊನೆಯ ನಲ್ಲಿಯ ನೀರಿನಲ್ಲಿ ಏನೂ ಇರುವುದಿಲ್ಲ; ಮೊದಲಿನದನ್ನು ಸ್ವಲ್ಪ ಬೆರೆಸಿದರೆ ಅದು ಏಂಜಲ್ ಮೀನಿಗೆ. ತೊಟ್ಟಿಗೆ ಹೋಗುವುದು ಈ ಹರಿಯಬಿಟ್ಟ ನೀರು ಮಾತ್ರ. ಮೀನು ಬರುವ ಮುಂಚಿನ ಮೂರು ತಿಂಗಳ ಮೀಟರಿನ ಅಳತೆಯನ್ನೂ ನಂತರದ್ದನ್ನೂ ಇದರ ಜೊತೆ ಇಟ್ಟಿದ್ದೇನೆ, ವ್ಯತ್ಯಾಸವಿಲ್ಲ.

ಅತ್ತಿಗೆ ಓದಿ, "ಕೊನೇಲಿ ಕ್ಷಮೆ ಕೋರುತ್ತೇನೆ ಅಂತ ಯಾಕೆ ಬರೆದಿದೀಯಾ?" ಅಂದಳು. ನೀರಕ್ಕ ಆ ಸಾಲು ಹೊಡೆದುಹಾಕಿ ಇನ್ನೊಂದು ಪ್ರತಿ ಬರೆದಳು.

ಎರಡು ದಿನ ಬಿಟ್ಟು ಆಡಳಿತಾಧಿಕಾರಿ ಸ್ವತಃ ನೆಲಮಾಳಿಗೆಗೆ ಬಂದರು. ಆ ಕೋಣೆಯನ್ನು ಅವರು ಅದುವರೆಗೆ ನೋಡಿರಲಿಲ್ಲ. ಬಾಗಿಲ ಹತ್ತಿರದ ಪೈಪಿಗೆ ಹಣೆ ತಗುಲಿಸಿಕೊಂಡು, ತಿಕ್ಕಿಕೊಳ್ಳುತ್ತಾ ನಿಂತರು. ಅವಳು ನಲ್ಲಿ ತಿರುಗಿಸಿ ಗಡಿಯಾರ ನೋಡುತ್ತಿದ್ದಳು.

"ಇಷ್ಟು ಹೊತ್ತು ಯಾಕೆ ಬಿಡಬೇಕು?"

"ಪೈಪಿನಲ್ಲಿ ನಿಂತದ್ದು ಹೋಗಬೇಕು ಸಾರ್. ಇಲ್ಲದಿದ್ರೆ ನಿನ್ನೆಯ ನೀರನ್ನ ಅಳೆದು ಇವತ್ತಿನದು ಅಂತ ಬರೆದ ಹಾಗಾಗತ್ತೆ."

ಅವರು ಹರಿಯುವ ನೀರನ್ನೂ ಬಕೆಟ್ಟನ್ನೂ ನೋಡಿ, ತಲೆ ತಗ್ಗಿಸಿ ಹೊರಗೆ ಹೋದರು. ಪತ್ರ ವಾಪಸ್ಸು ತೆಗೆದುಕೊಂಡಿದ್ದೇವೆ ಅಂತಲೂ ಬರಲಿಲ್ಲ, ಇನ್ನೊಂದು ಪತ್ರವೂ ಬರಲಿಲ್ಲ. ಇದನ್ನೇ ಒಪ್ಪಿಗೆ ಅಂದುಕೊಂಡು ಅವಳು ಬಕೆಟ್ ಹೊರುವುದನ್ನು ಮುಂದುವರಿಸಿದಳು.

ಆ ವರ್ಷವೇ ಎರಡು ಯಂತ್ರ ಒಟ್ಟಿಗೆ ಕೆಟ್ಟವು. ರಿಪೇರಿಯಾಗುವ ತನಕ ಕೆಲವರ ದಿನ ಬದಲಾಯಿತು. ಲಾರಿ ಯಜಮಾನರಿಗೆ ಎರಡು ವಾರ ಸೋಮವಾರದ ಸಾಲು, ಐದನೇ ಮಂಚ. ದೊಡ್ಡ ಸಿಸ್ಟರಿಗೆ ಹಳೇ ಜಗಳ ನೆನಪಿತ್ತು. ನಡುವೆ ಪರದೆ ಎಳೆಯಲು ಹೋದರು. "ಬೇಡ ಬಿಡಿ," ಅಂದರು ಮೇಷ್ಟ್ರು. ಸಕ್ಕರೆ ಕಾಯಿಲೆಗೆ ಅವರ ಕಣ್ಣು ಅಷ್ಟರಲ್ಲಿ ಬಹಳ ಮಂಜಾಗಿತ್ತು. ತೊಟ್ಟಿ ಅವರಿಗೆ ಈಗ ಬೆಳಕಿನ ಒಂದು ಚೌಕ ಮಾತ್ರ. ಅದನ್ನು ನೀರಕ್ಕನಿಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ.

ಒಂದು ಗಂಟೆ ಇಬ್ಬರೂ ಸೂರು ನೋಡುತ್ತಾ ಮಲಗಿದ್ದರು. ಆಮೇಲೆ ಮೇಷ್ಟ್ರೇ ಕೇಳಿದರು. "ನೀವೇ ಏನ್ರೀ, ಗುರುವಾರ?"

"ಹೌದು."

"ನನ್ನ ಮೀನು ಏನು ಮಾಡ್ತಿವೆ ನೋಡಿ ಹೇಳಿ. ನನಗೆ ಸರಿ ಕಾಣಲ್ಲ."

ಲಾರಿ ಯಜಮಾನರು ಕತ್ತು ಎತ್ತಿ ನೋಡಿದರು. "ಒಂದು ಮೇಲಿದೆ."

"ಮಿಕ್ಕೆರಡು?"

"ಅವೂ ಮೇಲಿವೆ."

"ಮೇಲೆ ಏನು ಮಾಡ್ತಿವೆ?"

"ಏನೂ ಮಾಡ್ತಿಲ್ಲ. ಸುಮ್ನೆ ಇವೆ."

"ನೀವು ರಸ್ತೆಯಲ್ಲಿ ಅಪಘಾತ ನೋಡಿದ್ರೆ ಪೊಲೀಸಿಗೆ ಹೀಗೇ ಹೇಳ್ತೀರಾ?"

ಲಾರಿ ಯಜಮಾನರು ಮೊದಲು ಸಿಟ್ಟಾಗುವವರ ಹಾಗೆ ಕಂಡರು. ಆಮೇಲೆ ಇನ್ನೊಮ್ಮೆ ನೋಡಿ, ದೊಡ್ಡದರ ರೆಕ್ಕೆ ಅರ್ಧಕ್ಕರ್ಧ ಮತ್ತೆ ಬೆಳೆದಿದೆ, ಹೊಸದಾಗಿ ಬೆಳೆದ ಭಾಗ ಗಾಜಿನ ಹಾಗೆ ಪಾರದರ್ಶಕವಾಗಿದೆ, ಎರಡು ಜೋಡಿಯಾಗಿ ಫಿಲ್ಟರಿನ ಪೈಪನ್ನು ಬಾಯಲ್ಲಿ ಉಜ್ಜುತ್ತಿವೆ ಅಂತ ಹೇಳಿದರು.

"ಉಜ್ಜುತ್ತಿವೆಯಾ? ಮೊಟ್ಟೆ ಇಡೋಕೆ ಜಾಗ ತೊಳೀತಿವೆ ಹಾಗಾದ್ರೆ," ಅಂದರು ಮೇಷ್ಟ್ರು.

ಎರಡು ವಾರದಲ್ಲಿ ಆರು ದಿನ ಅವರು ಹೀಗೆ ಪಕ್ಕಪಕ್ಕ ಮಲಗಿದರು. ಸ್ನೇಹ ಅನ್ನುವಂಥದ್ದೇನೂ ಆಗಲಿಲ್ಲ. ಲಾರಿ ಯಜಮಾನರಿಗೆ ರಾಜಕೀಯ ಬೇಕಿತ್ತು, ಮೇಷ್ಟ್ರಿಗೆ ನಿದ್ದೆ. ಆದರೂ ತಮ್ಮ ದಿನಗಳಿಗೆ ವಾಪಸ್ಸು ಹೋದ ಮೇಲೆ ಲಾರಿ ಯಜಮಾನರು ಬಂದ ಕೂಡಲೇ ಮೊದಲು ಮೇಷ್ಟ್ರ ತೊಟ್ಟಿ ನೋಡುತ್ತಿದ್ದರು, ಕಂಡದ್ದನ್ನು ನೀರಕ್ಕನ ಕೈಯಲ್ಲಿ ಹೇಳಿಕಳಿಸುತ್ತಿದ್ದರು. ಈಗ ಅವಳಿಗೆ ಸೋಸುವ ಕೆಲಸವಿರಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೇ ಮುಟ್ಟಿಸಿದರೆ ಸಾಕಿತ್ತು.

ಐದು ತಿಂಗಳ ನಂತರ ಒಂದು ಭಾನುವಾರ ಮಧ್ಯಾಹ್ನ ಮೇಷ್ಟ್ರು ಮನೆಯಲ್ಲೇ ತೀರಿಕೊಂಡರು. ಸೋಮವಾರ ನಾಲ್ಕನೇ ಮಂಚಕ್ಕೆ ಕಾಯುವವರ ಪಟ್ಟಿಯಿಂದ ಬೇರೊಬ್ಬರು ಬಂದರು. ನೀರಕ್ಕ ಆ ಬೆಳಿಗ್ಗೆಯೂ ನಲ್ಲಿಗಳನ್ನು ತಿರುಗಿಸಿದಳು, ಬರೆದಳು, ಸಹಿ ಮಾಡಿದಳು. ಮಂಗಳವಾರ ಲಾರಿ ಯಜಮಾನರಿಗೆ ಅವಳೇ ಹೇಳಿದಳು, ಬೇರೆಯವರಿಂದ ಕೇಳದಿರಲಿ ಅಂತ. ಅವರು "ಹೌದಾ" ಅಂದರು. ಆ ದಿನ ಎಲ್ಲರಿಗಿಂತ ಮೊದಲು ನಿದ್ದೆಹೋದವರು ಅವರೇ. ಅಥವಾ ನಿದ್ದೆ ಬಂದವರ ಹಾಗೆ ಮಲಗಿದ್ದರು.

ಒಂದು ತಿಂಗಳು ಬಿಟ್ಟು ಮೇಷ್ಟ್ರ ಮಗಳು ಬಂದಳು. ನಾಲ್ಕು ಬೀದಿ ಆಚೆ ಮನೆ, ಮುದ್ರಣಾಲಯದಲ್ಲಿ ಕೆಲಸ. ಅಪ್ಪನ ಮೀನನ್ನು ಮನೆಗೆ ಕೊಂಡೊಯ್ಯಬೇಕು ಅಂತ ಅವಳ ಆಸೆ. "ಮನೆ ನಲ್ಲಿಯ ನೀರು ಒಂದು ಬಾಟಲಿ ತನ್ನಿ," ಅಂದಳು ನೀರಕ್ಕ. ಮಾರನೇ ದಿನ ತಂದಳು. ನೀರಕ್ಕ ಅವಳ ಎದುರೇ ಹನಿ ಎಣಿಸುತ್ತಾ ಹಾಕಿದಳು. ಇಪ್ಪತ್ತು ದಾಟಿದ ಮೇಲೆ ಬಣ್ಣ ತಿರುಗಿತು.

"ಬಹಳ ಗಡಸು. ಈ ನೀರಲ್ಲಿ ಅಪ್ಪನ ಮೀನು ಬಿಡಬೇಡಿ."

"ಅಪ್ಪ ಇದೇ ಮನೆಯಲ್ಲೇ ಸಾಕಿದ್ದರಲ್ಲ?"

"ಆಗ ಅವರು ಎಲ್ಲಿಂದಲೋ ಕ್ಯಾನಿನಲ್ಲಿ ಮೆದು ನೀರು ತರಿಸಿ ಬೆರೆಸ್ತಿದ್ರು. ವಾರ ತಪ್ಪದೆ ಹೊರಬೇಕು. ನೀವು ಹೊರ್ತೀರಾ?"

ಮಗಳು ಯೋಚಿಸಿ, ಆಗಲ್ಲ ಅಂತ ಒಪ್ಪಿಕೊಂಡಳು. ಆದರೂ ಹೋಗದೆ ಅಲ್ಲೇ ನಿಂತಿದ್ದಳು. ಆಗ ನೀರಕ್ಕ ಅವಳನ್ನು ಎದುರು ಗೋಡೆಯ ತೊಟ್ಟಿಯ ಹತ್ತಿರ ಕರೆದುಕೊಂಡು ಹೋದಳು. ಕಲ್ಲುಸಂದಿಯಲ್ಲಿ ಒಂದು ಹಳದಿ ತಾಯಿಮೀನು ಗಂಟಲು ಉಬ್ಬಿಸಿಕೊಂಡು ನಿಂತಿತ್ತು, ಬಾಯೊಳಗೆ ಮರಿ; ಸ್ವಲ್ಪ ದೊಡ್ಡವಾಗುವ ತನಕ ಬಾಯಲ್ಲೇ ಇಟ್ಟು ಕಾಯುವ ಜಾತಿ ಅದು. ಹಿಂದಿನ ಸಲದ ಮರಿಗಳು ಉಗುರಿನಷ್ಟಾಗಿ ಮೇಲೆಲ್ಲ ಓಡಾಡುತ್ತಿದ್ದವು. "ನಿಮ್ಮ ಮನೆ ನೀರು ಇವಕ್ಕೆ ಸರಿಯಾಗತ್ತೆ. ಕ್ಲೋರಿನ್ ಮಾತ್ರ ತೆಗೀಬೇಕು, ಅದಕ್ಕೆ ಮದ್ದು ಸಿಗತ್ತೆ. ಕಲ್ಲು ನಮ್ಮ ಹಿಂಬಾಗಿಲಲ್ಲಿ ರಾಶಿ ಬಿದ್ದಿದೆ. ಆದ್ರೆ ಒಂದು ಮಾತು. ಇವುಗಳ ಜೊತೆ ಬೇರೆ ಏನನ್ನೂ ಹಾಕಬೇಡಿ, ಅಂಗಡಿಯವನು ಏನೇ ಹೇಳಲಿ."

ಲಾರಿ ಯಜಮಾನರನ್ನು ಕೇಳಿ, ಆರು ಮರಿ ಕಟ್ಟಿಕೊಟ್ಟಳು. "ಮೇಷ್ಟ್ರ ಮನೆಗೆ ನನ್ನ ಮೀನಾ?" ಅಂತ ಅವರು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಮುಂದಿನ ವರ್ಷ ಅವರ ತಂಗಿ ಒಂದು ಮೂತ್ರಪಿಂಡ ಕೊಟ್ಟಳು. ಅಲ್ಲಿಂದ ಅವರು ವಾರ್ಡಿಗೆ ಬರುವುದು ನಿಂತಿತು. ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಬಂದಾಗ ಹಜಾರಕ್ಕೆ ಬಂದು ಎರಡೂ ತೊಟ್ಟಿಯ ಮುಂದೆ ಸ್ವಲ್ಪ ಹೊತ್ತು ನಿಂತು ಹೋಗುತ್ತಾರೆ.

ನೀರಕ್ಕ ನಿವೃತ್ತಳಾಗಿ ಈಗ ಎರಡು ವರ್ಷ. ಮನೆಯಲ್ಲಿ ಮೀನು ಸಾಕಿಲ್ಲ. ಅತ್ತಿಗೆ ಒಂದು ಸಲ ಕೇಳಿದ್ದಕ್ಕೆ, ಇನ್ನು ನೀರು ಹೊರಲಾರೆ ಅಂದಳು. ಅವಳ ಜಾಗಕ್ಕೆ ಬಂದಾಕೆ ವಾರಕ್ಕೊಮ್ಮೆ ಫೋನ್ ಮಾಡಿ ನೀರಿನ ಅಳತೆ ಓದಿ ಹೇಳುತ್ತಾಳೆ. ನೀರಕ್ಕ ಕೇಳಿಸಿಕೊಂಡು, ಸರಿಯಿದ್ದರೆ ಸರಿ ಅನ್ನುತ್ತಾಳೆ, ತಪ್ಪಿದ್ದರೆ ತಪ್ಪು ಅನ್ನುತ್ತಾಳೆ. ಫೋನಿಟ್ಟ ಮೇಲೆ ಅತ್ತಿಗೆ ಹೊಲಿದಿಟ್ಟ ಬಟ್ಟೆಗೆ ಗುಂಡಿ ಹೊಲಿಯಲು ಕೂರುತ್ತಾಳೆ.